ಪ್ರತಿ ಏಳನೆಯ ಮನೆ

ಪೆನ್ನಿನ ಮುಚ್ಚಳ ಹಲ್ಲಿನಲ್ಲಿ ಕಚ್ಚಿಕೊಂಡೇ ಬರೆಯುತ್ತಾನೆ ಈ ಹುಡುಗ ಡಾಕ್ಟರು, ಭಾನುವಾರ ಅಂತ ಇವನೊಬ್ಬನನ್ನೇ ಬಿಟ್ಟು ಎಲ್ಲರೂ ಮನೆಗೆ ಹೋದಂತಿದೆ, ಬೆಳಗಿನ ಹತ್ತಕ್ಕೇ ಕಣ್ಣು ಕೆಂಪಾಗಿವೆ ಪಾಪ, ಕೊನೆಯ ಪ್ರಶ್ನೆಯ ಮುಂದೆ ಒಂದು ಅಡ್ಡಗೆರೆ ಎಳೆದ, ಇಲ್ಲಿಂದಲೇ ಕಂಡೆ, ಆ ಅಡ್ಡಗೆರೆ ನನಗೆ ಗೊತ್ತು, ಮೂರು ತಿಂಗಳ ಸರ್ವೆಯಲ್ಲಿ ನಾನೂ ಅಂಥವು ನೂರಾರು ಎಳೆದಿದ್ದೇನೆ, ಇಲ್ಲ ಅಂತ ಅದರ ಅರ್ಥ—ಕುಡಿತದ ಅಭ್ಯಾಸ ಇದೆಯಾ ಅಮ್ಮಾ ಎಂದು ತೆಲುಗಿನಲ್ಲಿ ಕೇಳಿದ್ದು ನನ್ನನ್ನು, ನನ್ನ ಮುಖ ನೋಡಿಯೇ ಕೇಳಿದ, ಉತ್ತರ ಕೊಟ್ಟವರು ಅತ್ತೆ, ಮಾ ಇಂಟ್ಲೋ ಉಲ್ಲಿಗಡ್ಡ ಕೂಡಾ ತಿನರು ಬಾಬೂ, ಈರುಳ್ಳಿಯನ್ನೂ ತಿನ್ನದ ಮನೆಯವರನ್ನು ಇದೇನು ಕೇಳುತ್ತೀಯಪ್ಪಾ ಎಂಬ ಹಾಗೆ, ಹುಡುಗ ನಾಚಿಕೊಂಡ, ಸಾರೀ ಅಮ್ಮಾ ಅಂದ, ಗೆರೆ ಎಳೆದ. ನನ್ನ ಅತ್ತೆ ಗಂಗೂಬಾಯಿಯವರು ಸುಳ್ಳು ಹೇಳುವವರಲ್ಲ, ಮಾವನವರು ಮೂವತ್ತು ವರ್ಷ ಸರಕಾರಿ ನೌಕರಿಯಲ್ಲಿ ಪರರ ಕೈಯ ಚಹಾವನ್ನೂ ಮುಟ್ಟಲಿಲ್ಲ ಅಂತ ನಾಂಪಲ್ಲಿಯ ಕನ್ನಡದವರೆಲ್ಲ ಇವತ್ತಿಗೂ ಹೇಳುತ್ತಾರೆ, ಅಂಥವರ ಹೆಂಡತಿ, ಕುಡಿತ ಎಂಬ ಮಾತೇ ಅವರ ಬಾಯಲ್ಲಿ ಬರುವುದಿಲ್ಲ, ಅದು ಅಂತಾರೆ, ಅದನ್ನ ಬಿಟ್ಟಾನ, ಅದು ಇನ್ನ ನಮ್ಮ ಮನ್ಯಾಗಿಲ್ಲ, ಗುರುವಾರದಿಂದ ಇಲ್ಲ, ಹಾಗಾದರೆ ಇಲ್ಲ ಅಂದದ್ದು ನಿಜವೇ ಅಲ್ಲವೇ—ಮಂಚದ ಮೇಲೆ ಕೌಸ್ತುಭ, ನನ್ನ ಗಂಡ, ಮೂವತ್ತೆಂಟು ವರ್ಷ, ಹೈಟೆಕ್ ಸಿಟಿಯಲ್ಲಿ ನಲವತ್ತು ಜನರ ಮೇಲೆ ಮ್ಯಾನೇಜರು, ಬೆಡ್‌ಶೀಟಿನಿಂದ ಇರುವೆ ಆರಿಸುತ್ತಿದ್ದಾನೆ. ಇರುವೆ ಇಲ್ಲ. ಹೆಬ್ಬೆರಳು ತೋರುಬೆರಳು ಸೇರಿಸಿ ಹುಷಾರಾಗಿ ಎತ್ತುತ್ತಾನೆ, ಮಂಚದಾಚೆ ಕೈ ಚಾಚಿ ಬಿಡುತ್ತಾನೆ, ಕೊಲ್ಲುವುದಿಲ್ಲ, ಇರುವೆ ಕೊಲ್ಲಬಾರದೆಂದು ಅತ್ತೆ ಚಿಕ್ಕಂದಿನಲ್ಲಿ ಕಲಿಸಿದ್ದು ಕೈಗೆ ನೆನಪಿದೆ, ನಾನು ಯಾರೆಂಬುದು ನೆನಪಿಲ್ಲ.

ಮೆದುಳಿಗೆ ಜ್ವರ ಏರಿರಬಹುದಂತೆ, ಬೆನ್ನಿನಿಂದ ನೀರು ತೆಗೆದು ನೋಡಬೇಕಂತೆ, ದೊಡ್ಡ ಡಾಕ್ಟರು ಬರಬೇಕಂತೆ, ಒಂದು ಗಂಟೆ ಕಾಯಿರಿ ಅಂದ, ಕಾಯುತ್ತಿದ್ದೇನೆ, ಅವನ ಮೇಜು ಇಲ್ಲಿಂದ ಹತ್ತು ಹೆಜ್ಜೆ ಆದೀತು, ಹೋಗಿ ಒಂದು ಮಾತು ಹೇಳಿದರೆ ಬೆನ್ನು ಚುಚ್ಚುವುದು ಬೇಡ, ಕಾಯುವುದೂ ಬೇಡ, ಒಂದೇ ಮಾತು, ಅದೇ ಮಾತನ್ನು ನಾನು ಪರರ ಬಾಯಿಂದ ಎಷ್ಟು ಸಲೀಸಾಗಿ ತೆಗೆಸಿದ್ದೇನೆ—ವಾರಕ್ಕೆ ಎಷ್ಟು ದಿನ, ದಿನಕ್ಕೆ ಎಷ್ಟು, ಬೆಳಗ್ಗೆ ಎದ್ದೊಡನೆ ಬೇಕಾಗುತ್ತದೆಯೇ, ಬಿಡಲು ನೋಡಿ ಸೋತಿದ್ದೀರಾ, ಯಾವ ಯಾವ ಥರದ ಜನ ಎಷ್ಟೆಷ್ಟು ಕುಡಿತಕ್ಕೆ ಬಿದ್ದಿದ್ದಾರೆಂಬ ಸರ್ವೆ, ಕನ್ನಡ ತೆಲುಗು ಹಿಂದಿ ಮೂರೂ ಬರುತ್ತವೆಂದು ನನ್ನನ್ನು ತೆಗೆದುಕೊಂಡರು. ಕೂಕಟ್‌ಪಲ್ಲಿಯ ಫ್ಲಾಟುಗಳಲ್ಲಿ ಬಾಗಿಲು ಒಂದು ಗೇಣು ತೆರೆಯುತ್ತಿತ್ತು, ಸರಪಳಿ ತೆಗೆಯುತ್ತಿರಲಿಲ್ಲ, ಆ ಸಂದಿಯಿಂದಲೇ ಇಲ್ಲ ಮೇಡಂ, ಪಾರ್ಟಿಯಲ್ಲಿ ಮಾತ್ರ ಮೇಡಂ, ಸೋಷಿಯಲ್, ಅವರ ಬೆನ್ನ ಹಿಂದೆ ಬಾಲ್ಕನಿಯಲ್ಲಿ ಸಾಲಾಗಿ ಖಾಲಿ ಬಾಟಲಿಗಳು, ಒಂದೊಂದರಲ್ಲೂ ಒಂದೊಂದು ಮನಿಪ್ಲಾಂಟು, ನಾನು ನೋಡಿಯೂ ಅಡ್ಡಗೆರೆ ಎಳೆದು ಮುಂದಿನ ಮನೆಗೆ ಹೋಗುತ್ತಿದ್ದೆ. ಪ್ರತಿ ಏಳನೆಯ ಮನೆ, ಅದು ನಿಯಮ, ಎಣಿಸುತ್ತ ಬಂದರೆ ಒಂದು ದಿನ ಏಳನೆಯ ಮನೆ ನಮ್ಮದೇ ಆಯಿತು, ಸ್ವಂತ ಮನೆ ಬಂದರೆ ಬೇರೆಯವರಿಗೆ ಬಿಡಬೇಕು, ಬಿಡಲಿಲ್ಲ, ಬಿಟ್ಟರೆ ಬೇರೆಯವಳು ಬಂದು ಬಾಗಿಲಲ್ಲಿ ನಿಲ್ಲುತ್ತಾಳಲ್ಲ, ಊಟದ ಮೇಜಿನ ಮೇಲೆ ಹಾಳೆ ಹರವಿಕೊಂಡು ನಾನೇ ಕೇಳಿಕೊಂಡು ನಾನೇ ತುಂಬಿದೆ, ಹತ್ತು ಪ್ರಶ್ನೆ, ಹತ್ತು ಅಡ್ಡಗೆರೆ, ಊರಿಗೆಲ್ಲ ಶಕುನ ಹೇಳುವ ಹಲ್ಲಿ ಬಚ್ಚಲಿಗೆ ಬಿತ್ತಂತೆ. ಲೆಕ್ಕ ಬಂದ ದಿನ ಸರ್ವೆಯ ಮುಖ್ಯಸ್ಥರು ಪದ್ಮನಾಭ ಸರ್ ಗೋಡೆಗೆ ಕಂಬಗಳ ಚಿತ್ರ ಅಂಟಿಸಿ ತೋರಿಸಿದರು, ಕೂಲಿ ಗಂಡಸರ ಕಂಬ ಎಲ್ಲಕ್ಕಿಂತ ಮೇಲೆ, ಪಕ್ಕದಲ್ಲಿ ಕೂಲಿ ಹೆಂಗಸರದು, ಗುಮಾಸ್ತರದು ಮೊಣಕಾಲುದ್ದ, ಸಾಫ್ಟ್‌ವೇರಿನವರದು ನೆಲಕ್ಕೆ ಅಂಟಿಕೊಂಡಿತ್ತು, ಓದಿದವ್ರು ಓದಿದವ್ರೇ ನೋಡ್ರಿ ಭಕ್ತಿಯವರೇ ಅಂದರು ಸರ್ ನನ್ನ ಕಡೆ ತಿರುಗಿ, ನಾನೂ ಹೌದ್ರಿ ಅಂದೆ, ಆ ನೆಲದ ಗೆರೆಯಲ್ಲಿ ಕೌಸ್ತುಭ ಮಲಗಿದ್ದ. ಸಂಜೆ ಎಲ್ಲರಿಗೂ ಸಮೋಸಾ ಬಂತು.

ಆರಿಸುತ್ತಾನೆ, ಬಿಡುತ್ತಾನೆ, ಈಗ ದಿಂಬಿನ ಅಂಚಿನಿಂದ, ಈಗ ತನ್ನ ತೋಳಿನಿಂದ, ನರ್ಸು ನೋಡಿ ನಗುತ್ತ ಹೋದಳು, ಅವಳಿಗೆ ಗೊತ್ತಿಲ್ಲ, ಆ ಹುಡುಗನಿಗೆ ಹೊಳೆಯಲಿಲ್ಲ, ಹೊಳೆಯುವುದು ಹೇಗೆ, ಈರುಳ್ಳಿ ತಿನ್ನದವರು—ನನಗೆ ಗೊತ್ತು, ಇವತ್ತು ಬೆಳಗ್ಗೆ ಮೊದಲ ಇರುವೆ ಎತ್ತಿದಾಗಲೇ ಗೊತ್ತಾಯಿತು, ಲಿಂಗಂಪಲ್ಲಿ ಸ್ಟೇಷನ್ನಿನ ಹಿಂದೆ ತಗಡಿನ ಶೆಡ್ಡುಗಳಲ್ಲಿ ಗದಿಗೆಮ್ಮ ಹೇಳಿದ್ದಳು, ಶಹಾಪುರದ ಕಡೆಯವಳು, ಕೌಸ್ತುಭನಂಥವರು ಕೂರುವ ಕಟ್ಟಡಗಳಿಗೆ ಕಾಂಕ್ರೀಟು ಹೊರುವವಳು, ಅಲ್ಲಿ ಬಾಗಿಲೇ ಇಲ್ಲ, ಸರಪಳಿ ಎಲ್ಲಿಂದ, ಬರ್ರೀ ಯಕ್ಕಾ ಕುಂದರ್ರಿ, ಕುಡೀತೀನ್ರಿ, ಸುಳ್ಳ್ಯಾಕ ಹೇಳ್ಲಿ, ದಿನಾ ಬುಟ್ಟಿ ಹೊತ್ತ ಮ್ಯಾಲ ಒಂದು ಸೀಸೆ ಸಿಂದಿ ಕುಡದ್ರನ ನಿದ್ದಿ ಬರ್ತೈತಿ, ನನ್ ಗಂಡಂದು ಹಂಗಲ್ರಿ, ಸೂಗಪ್ಪಗ ಮುಂಜಾನೆದ್ದ ಕೂಡ್ಲೇ ಬೇಕು, ಇಲ್ಲಾಂದ್ರ ಕೈಯಾಗ ಗಾರೆ ಕರಣಿ ನಿಲ್ಲಂಗಿಲ್ಲ. ಒಂದು ಪ್ರಶ್ನೆಗೆ ನಾಲ್ಕು ಉತ್ತರ ಕೊಡುತ್ತಿದ್ದಳು, ನಾನು ಗಡಿಯಾರ ನೋಡುತ್ತಿದ್ದೆ. ಹ್ವಾದ ಎಲೆಕ್ಷನ್ನಾಗ ಮೂರು ದಿನ ಅಂಗಡಿ ಬಂದ್ ಇದ್ವು ನೋಡ್ರಿ, ಮೂರನೇ ದಿನಕ್ಕ ಹಾಸಿಗ್ಯಾಗಿಂದ ಇರಬಿ ಆರಸಾಕತ್ತಿದ, ಇರಬಿ ಎಲ್ಲೈತ್ರಿ, ಒಂದೂ ಇಲ್ಲ, ಅವನ ಕಣ್ಣಿಗಷ್ಟ ಕಾಣಾಕತ್ತಿದ್ವು, ಮೈತುಂಬ ಬೆವರು, ನನ್ನ ಗುರ್ತ ಇಲ್ಲ, ಆಟೋದಾಗ ಹಾಕ್ಕೊಂಡು ಒಯ್ದು ದವಾಖಾನಿ ಬಾಗಲ್ದಾಗೇ ಒದರಿದೆ, ಸಾಹೇಬ್ರ, ಕುಡುಕ ಅದಾನ್ರೀ, ದಿನಾ ಕುಡಿಯಾಂವ, ಮೂರು ದಿನ ಸಿಕ್ಕಿಲ್ರಿ, ಮಂದಿ ನಕ್ರು, ನಗ್ಲಿ ಬಿಡ್ರಿ, ಡಾಕ್ಟ್ರು ಓಡಿ ಬಂದು ಸೂಜಿ ಮಾಡಿದ್ರು, ಒಮ್ಮೆಲೇ ಬಿಟ್ರ ಜೀಂವಾ ಹೊಕ್ಕೈತಿ ಅಂತ ಬೈದ್ರು. ಆ ಸೂಗಪ್ಪ ಅಲ್ಲೇ ತಗಡಿಗೆ ಒರಗಿ ಬೀಡಿ ಸೇದುತ್ತ ಕೂತಿದ್ದ, ತನ್ನ ಕಥೆ ಕೇಳಿ ತಾನೇ ನಕ್ಕ. ಇದನ್ನೆಲ್ಲ ಬರೆಯಲು ಹಾಳೆಯಲ್ಲಿ ಜಾಗವಿರಲಿಲ್ಲ, ಮುಂದಿನ ಪ್ರಶ್ನೆ ಕೇಳಿದೆ.

ಒಮ್ಮೆಲೇ ಬಿಟ್ಟರೆ—ಬಿಟ್ಟನೇ, ಬಿಡಿಸಿದ್ದಲ್ಲವೇ, ಯಾರು ಬಿಡಿಸಿದ್ದು, ಹೇಳು ಭಕ್ತಿ, ಮೊದಲು ಶುಕ್ರವಾರದ ಟೀಮ್ ಪಾರ್ಟಿ, ಆಮೇಲೆ ಪ್ರಾಜೆಕ್ಟು ಗೆದ್ದರೆ, ಆಮೇಲೆ ಸೋತರೆ, ಆಮೇಲೆ ದಿನವೂ, ಒಂದು ವರ್ಷದಿಂದ ಬೆಳಗ್ಗೆ ಕಾರಿನಲ್ಲಿ ನೀರಿನ ಬಾಟಲಿಯೊಳಗೆ, ಬಾಯಲ್ಲಿ ಏಲಕ್ಕಿ, ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ ಅವನು ಕುಡಿದ, ನಾನು ಕಣ್ಣು ಮುಚ್ಚಿಕೊಂಡೇ ನೋಡಿದೆ, ಬುಧವಾರ ದೇವರ ಪಾತ್ರೆಗಳ ಹಿಂದೆ ಅತ್ತೆಯ ಕೈಗೆ ಬಾಟಲಿ ಸಿಕ್ಕಿತು, ಅವರು ಕೂಗಾಡಲಿಲ್ಲ, ಮತ್ತೊಮ್ಮೆ ತಲೆಗೆ ನೀರು ಹಾಕಿಕೊಂಡು ಬಂದು ಕೂತುಬಿಟ್ಟರು. ಗುರುವಾರ, ರಾಯರ ದಿನ, ಕೈಯಲ್ಲಿ ಮಂತ್ರಾಕ್ಷತೆ ಹಿಡಿಸಿ ಮಾತು ತೆಗೆದುಕೊಂಡವಳು ನಾನು, ಇವತ್ತಿನಿಂದ ಒಂದು ಹನಿಯೂ ಇಲ್ಲ ಅಂತ, ಅವನು ಅಂದಿದ್ದ, ಸ್ವಲ್ಪ ಸ್ವಲ್ಪ ಕಡಿಮಿ ಮಾಡ್ತೀನಿ, ಒಮ್ಮೆಲೇ ಆಗೂದಿಲ್ಲ ಭಕ್ತಿ, ನನ್ನ ಮೈ ನನಗ ಗೊತ್ತದ, ಅವೆಲ್ಲಾ ಕುಡುಕರ ಮಾತು ಅಂದೆ, ಹೌದು, ಹಾಗೇ ಅಂದೆ, ಗದಿಗೆಮ್ಮನ ಮಾತು ಕೇಳಿಸಿಕೊಂಡು ಬಂದ ಮೇಲೂ ಅಂದೆ, ಆ ಮಾತು ಶೆಡ್ಡಿನವರಿಗೆ, ನಮ್ಮ ಮನೆಗೆ ರಾಯರಿದ್ದಾರೆ, ನಮ್ಮ ಮೈಯೇ ಬೇರೆ, ನಮ್ಮ ಕಂಬ ನೆಲಕ್ಕೆ ಅಂಟಿದೆ. ಬಾಟಲಿಯಲ್ಲಿದ್ದದ್ದನ್ನು ಅವನೇ ಬಚ್ಚಲಿಗೆ ಸುರಿದ, ನಾನು ಖುಷಿಯಿಂದ ಸಿಹಿಗೆ ಹಯಗ್ರೀವ ಮಾಡಿದೆ, ಮರುದಿನ ಏಕಾದಶಿ, ಎಲ್ಲರಂತೆ ಅವನಿಗೂ ನೀರಿಲ್ಲ, ನಿದ್ದೆಯೂ ಇಲ್ಲ, ಬೆವರು ಹರಿಯುತ್ತಿತ್ತು, ವಿಷ ಇಳೀಲಿಕ್ಕತ್ತದ ಇಳೀಲಿ ಬಿಡು ಅಂದರು ಅತ್ತೆ, ಏಕಾದಶಿಗೆ ಎಲ್ಲಾ ತೊಳದು ಹೋಗ್ತದ, ನಾನೂ ನಂಬಿದೆ, ದ್ವಾದಶಿ ಪಾರಣೆಗೆ ತೀರ್ಥ ಕೊಟ್ಟರೆ ಅಂಗೈಯಲ್ಲಿ ನಿಲ್ಲಲಿಲ್ಲ, ಪಂಚೆಯ ಮೇಲೆಲ್ಲ ಚೆಲ್ಲಿತು, ಚಳಿ ಹತ್ತೇದ ಅಂದರು ಅತ್ತೆ, ಶಾಲು ಹೊದಿಸಿದೆ. ಈಗ ಎದ್ದು ಹೋಗಿ ಹೌದು ಕುಡಿಯುತ್ತಾನೆ ಅಂದರೆ ಮುಂದಿನ ಪ್ರಶ್ನೆ ಬರುತ್ತದೆ, ಯಾವಾಗ ನಿಲ್ಲಿಸಿದ, ಯಾರು ನಿಲ್ಲಿಸಿದರು ಅಂತ, ಅದಕ್ಕೇ ಏಳುತ್ತಿಲ್ಲ, ಮಾನಕ್ಕಲ್ಲ, ಅತ್ತೆಗೆ ಹೆದರಿ ಅಲ್ಲ, ಅವರ ಮೇಲೆ ಹಾಕಿ ತಪ್ಪಿಸಿಕೊಳ್ಳುತ್ತಿದ್ದೇನೆ, ನನ್ನ ಗಂಡನನ್ನು ನಾನೇ ಹೀಗೆ ಮಲಗಿಸಿದೆ ಅಂತ ಇನ್ನೊಬ್ಬರ ಹಾಳೆಯಲ್ಲಿ ಬರೆಸಬೇಕಲ್ಲ ಎಂಬ ಹೆದರಿಕೆ. ಎಂಥ ಹೆಂಗಸು ನಾನು, ಅವನು ಸಾಯುತ್ತಿದ್ದಾನೆ, ನಾನು ಉತ್ತರ ಯೋಚಿಸುತ್ತಿದ್ದೇನೆ.

ಗಡಿಯಾರದಲ್ಲಿ ಹತ್ತೂಮುಕ್ಕಾಲು, ದೊಡ್ಡ ಡಾಕ್ಟರಿಲ್ಲ, ಆರಿಸುತ್ತಾನೆ, ಬಿಡುತ್ತಾನೆ, ಈಗ ಗಾಳಿಯಲ್ಲೇ ಆರಿಸುತ್ತಿದ್ದಾನೆ, ತುಟಿ ಒಣಗಿ ಬಿಳಿಚಿದೆ, ಎದೆ ಎಷ್ಟು ಜೋರು, ನೋಡಲಾಗುವುದಿಲ್ಲ, ಎದ್ದೆ, ಅತ್ತೆ ಜಪಮಣಿ ಹಿಡಿದ ಕೈಯಿಂದಲೇ ನನ್ನ ಮಣಿಕಟ್ಟು ಹಿಡಿದರು, ಎಲ್ಲಿಗೆ ಹೊಂಟಿ, ಸುಮ್ನ ಕೂಡು ಭಕ್ತಿ, ಅದನ್ನ ಬಿಟ್ಟಾನ, ರಾಯರು ನೋಡ್ಕೋತಾರ, ಮಂಚದ ಕಡೆ ಕಣ್ಣು ಹಾಯಿಸಲಿಲ್ಲ, ಗೊತ್ತು ಇವರಿಗೂ, ಎಲ್ಲಾ ಗೊತ್ತು, ಅಮ್ಮಾ ಬಿಡ್ರಿ ಅಂದೆ, ಬಿಡಲಿಲ್ಲ, ಎಳೆದುಕೊಂಡೆ, ಮಣಿಗಳು ಕಿತ್ತು ನೆಲದಲ್ಲಿ ಚೆಲ್ಲಾಪಿಲ್ಲಿಯಾದವು—ಒಂದು, ಎರಡು, ಹತ್ತು ಹೆಜ್ಜೆ ಅಲ್ಲ, ಹದಿನಾಲ್ಕು ಇವೆ, ಡಾಕ್ಟ್ರುಗಾರೂ ಅಂದೆ, ಕುಡಿಯುತ್ತಾರೆ, ದಿನಾ, ಬೆಳಗ್ಗೆ ಎದ್ದೊಡನೆ, ಗುರುವಾರ ನಾನು ನಿಲ್ಲಿಸಿದೆ, ಶುಕ್ರವಾರ ಉಪವಾಸ, ನೀರೂ ಇಲ್ಲ, ಎಲ್ಲ ತೆಲುಗಿನಲ್ಲಿ, ಒಂದರ ಹಿಂದೆ ಒಂದು, ಸರ್ವೆಯ ಉತ್ತರಗಳ ಹಾಗೆ, ಹುಡುಗನ ಬಾಯಲ್ಲಿದ್ದ ಪೆನ್ನಿನ ಮುಚ್ಚಳ ಕೆಳಗೆ ಬಿತ್ತು, ಇಷ್ಟು ಹೊತ್ತು ಯಾಕಮ್ಮಾ ಹೇಳಲಿಲ್ಲ, ಕೂಗಿದ, ಸಿಸ್ಟರ್ ಅಂದ, ಓಡಿದ, ನರ್ಸು ಸೂಜಿ ತುಂಬಿಕೊಂಡೇ ಓಡಿದಳು, ನಾನೂ, ಜಪಮಣಿ ಕಾಲಿಗೆ ಸಿಕ್ಕಿ ಜಾರಿ, ಮಂಚದ ಕಂಬಿ ಹಿಡಿದು, ಹುಡುಗ ಆಗಲೇ ಮಂಚ ಹತ್ತಿದ್ದಾನೆ, ಎರಡೂ ಅಂಗೈ ಎದೆಗೊತ್ತಿ ಒತ್ತುತ್ತಿದ್ದಾನೆ, ಎಣಿಸುತ್ತಿದ್ದಾನೆ, ಸೂಜಿ ಹಿಡಿದ ನರ್ಸು ಸುಮ್ಮನೆ ನಿಂತಿದ್ದಾಳೆ, ಚುಚ್ಚೇ, ಚುಚ್ಚು, ಯಾಕೆ ನಿಂತೆ, ಅತ್ತೆ ಏನೋ ಕೂಗುತ್ತಿದ್ದಾರೆ, ನನಗೆ ಕೇಳುತ್ತಿಲ್ಲ, ಮಂಚದಾಚೆ ಅವನ ಬಲಗೈ ಜೋತುಬಿದ್ದಿದೆ, ಹುಡುಗ ಒತ್ತಿದಾಗೆಲ್ಲ ಅಲ್ಲಾಡುತ್ತದೆ, ಹೆಬ್ಬೆರಳು ತೋರುಬೆರಳು ಸೇರಿಕೊಂಡೇ ಇವೆ, ಒಂದನ್ನು ಹಿಡಿದಿದ್ದಾನೆ, ಬಿಡು, ಬಿಡೋ ಕೌಸ್ತುಭ, ಸೇರಿಕೊಂಡೇ ಇವೆ, ಬಿಡುತ್ತಿಲ್ಲ