ನಲವತ್ತೇಳನೆಯ ಚೀಟಿ

ಅಂಗೈಯಲ್ಲಿ ನಾಲ್ಕಾಗಿ ಮಡಚಿದ ಚೀಟಿ: ಸಣ್ಣತಾಯಮ್ಮ ಎಂದರೆ ನನಗೆ ಇಂದಿಗೂ ಮೊದಲು ನೆನಪಾಗುವುದು ಅದೇ. ಆಸ್ಪತ್ರೆಯಲ್ಲಿ ಆಯಾ ಆಗಿದ್ದ ಅವರು, ರೋಗಿಗಳನ್ನು ಒಂದು ಕೋಣೆಯಿಂದ ಇನ್ನೊಂದಕ್ಕೆ ಕರೆದೊಯ್ಯುವಾಗ ಅವರ ಚೀಟಿಯನ್ನು ಹಾಗೆ ಹಿಡಿದಿರುತ್ತಿದ್ದರು.

ನಾನು ಆಗ ಊರಿನ ಗ್ರಂಥಾಲಯಕ್ಕೆಂದು ಸೋಬಾನೆ ಹಾಡುಗಳ ಜಾಲತಾಣ ಕಟ್ಟುತ್ತಿದ್ದೆ. ಅರುವತ್ತು ಹೆಂಗಸರ ಹಾಡುಗಳನ್ನು ಧ್ವನಿಮುದ್ರಿಸಿಕೊಂಡಿದ್ದೆವು. ಮೊದಲ ಪುಟದಲ್ಲಿ ಹೆಸರುಗಳ ಪಟ್ಟಿ. ಹೆಸರು ಒತ್ತಿದರೆ ಲಿಂಕ್ ಎರಡನೆಯ ಪುಟಕ್ಕೆ ಒಯ್ದು ಅವರ ಹಾಡು ಕೇಳಿಸಬೇಕು. ಕೆಲಸ ಮುಗಿಯಿತೆಂದು ನಾನು ಬೀಗುತ್ತಿದ್ದ ದಿನವೇ ಸಣ್ಣತಾಯಮ್ಮ ಬಂದರು. ನಮಗೆ ಹಾಡಿಕೊಟ್ಟು, ವರ್ಷದ ಹಿಂದೆ ತೀರಿಕೊಂಡ ಅಕ್ಕ ಜವನಮ್ಮನ ದನಿಯನ್ನು ಅವರು ಒಮ್ಮೆ ಕೇಳಬೇಕಿತ್ತು. ನಾಲ್ಕು ಗಂಟೆಯ ಬಸ್ಸಿಗೆ ಅಕ್ಕನ ಮಗಳ ಊರಿಗೆ ಹೊರಟಿದ್ದರು, ಇನ್ನು ಅಲ್ಲೇ ಇರಲು.

ಜವನಮ್ಮನ ಹೆಸರು ಒತ್ತಿದೆ.

"ಇದು ನಮ್ಮಕ್ಕ ಅಲ್ಲ ಕಣಪ್ಪಾ. ಮೇಗಲ ಬೀದಿ ಅಂಕಮ್ಮ."

ಯಾರ ಹೆಸರು ಒತ್ತಿದರೂ ಅಂಕಮ್ಮನೇ ಹಾಡಿದರು. ಪಟ್ಟಿಯ ಮೊದಲ ಹೆಸರು ಅವರದು. ತಿಂಗಳಿಡೀ ನಾನು ಅದೊಂದನ್ನೇ ಒತ್ತಿ ಪರೀಕ್ಷಿಸಿದ್ದೆ! ಹಾಡಿನ ಕಡತಗಳಲ್ಲಿ ತಪ್ಪು ಹುಡುಕುತ್ತಾ ಕೂತೆ. ಗಂಟೆ ಮೂರಾಯಿತು.

"ಹೆಸರು ಒತ್ತಿದ್ರೆ ಆ ಪುಟಕ್ಕೆ ಸರಿಯಾಗೇ ಹೋಗುತ್ತೆ ಅಮ್ಮಾ. ಅಲ್ಲಿ ಹೋದ್ಮೇಲೆ ಯಾಕೋ..."

"ಹೋಗೋವಾಗ ಕೈಗೆ ಚೀಟಿ ಕೊಟ್ಟಿದ್ದೀಯಾ? ಬರಿಗೈಲಿ ಕಳಿಸಿದ್ರೆ ಯಾರು ಬಂದವ್ರೆ ಅಂತ ಒಳಗಿರೋರಿಗೆ ಹೆಂಗ್ ಗೊತ್ತಾಯ್ತದೆ? ಸಿಕ್ಕಿದ್ ಔಷಧಿ ಕೊಟ್ ಕಳಿಸ್ತಾರೆ."

ಲಿಂಕನ್ನು ತೆರೆದು ನೋಡಿದೆ. ಲಿಂಕಿನಲ್ಲಿ ಪುಟದ ವಿಳಾಸ ಮಾತ್ರ ಇತ್ತು. ಯಾರ ಹಾಡೆಂದು ತಿಳಿಯದೆ ಪುಟ ಮೊದಲನೆಯದನ್ನೇ ಹಾಡಿಸುತ್ತಿತ್ತು. ಪ್ರತಿ ಲಿಂಕಿನ ಕೊನೆಗೂ ಒಂದು ಪ್ರಶ್ನೆ ಚಿಹ್ನೆ ಹಾಕಿ, ಅದರ ಮುಂದೆ ಹಾಡಿದವರ ಸಂಖ್ಯೆ ಸೇರಿಸಿದೆ. ಎರಡನೆಯ ಪುಟ ಅದನ್ನು ಓದಿಕೊಂಡು ಹಾಡು ಆರಿಸುವಂತೆ ಮಾಡಿದೆ. ಜವನಮ್ಮನದು ನಲವತ್ತೇಳು.

ಮೂರೂವರೆಗೆ ಜವನಮ್ಮ ಹಾಡಿದರು. ಸಣ್ಣತಾಯಮ್ಮ ಸೆರಗು ಕಚ್ಚಿಕೊಂಡು ಕೇಳಿದರು. "ಉಸಿರು ತಗೊಳಾದೂ ಅವಳದೇ," ಎಂದರು. ನನಗೆ ಹೋದ ಜೀವ ಬಂದಂತಾಯಿತು.

"ಅಲ್ಲಿಗ್ ಹೋದ್ಮೇಲೆ ಮತ್ತೆ ಕೇಳಾದು ಹೆಂಗಪ್ಪಾ?"

ಹಾಳೆಯ ಮೇಲೆ ಆ ಲಿಂಕನ್ನು ಪೂರ್ತಿ ಬರೆದುಕೊಟ್ಟೆ. "ನಿಮ್ಮ ಅಕ್ಕನ ಮಗಳ ಫೋನಲ್ಲಿ ಇದನ್ನ ಹಾಕಿಸಿ, ನೇರ ಅಕ್ಕನ ಹತ್ರಾನೇ ಹೋಗುತ್ತೆ. ಕೊನೇ ನಲವತ್ತೇಳು ಮಾತ್ರ ಬಿಡಬೇಡಿ."

"ಬಿಟ್ರೆ ಅಂಕಮ್ಮ ಬತ್ತಾಳೆ," ಎಂದು ನಕ್ಕರು.

ಬಸ್ಸು ಹೊರಟಾಗ ಅವರು ಕಿಟಕಿಯಿಂದ ಕೈ ಬೀಸಿದರು. ಬೆರಳುಗಳನ್ನು ಬಿಚ್ಚಿರಲಿಲ್ಲ. ಮುಷ್ಟಿಯೊಳಗೆ ನಾಲ್ಕಾಗಿ ಮಡಚಿದ ಚೀಟಿ ಇತ್ತು.