ದಮಯಂತಿಯ ಹಳೆಯ ಮೂಗಿನ ಫೋಟೊ

೧
ಎಲ್ಲಿಂದ ಶುರು ಮಾಡಲಿ? ಮೂಗಿನಿಂದಲೋ, ದಮಯಂತಿಯಿಂದಲೋ? ಮೊದಲ ಡ್ರಾಫ್ಟಿನ ಮೊದಲ ಸಾಲು 'ಅವಳ ಮೂಗು ಸೊಟ್ಟಗಿತ್ತು' ಎಂದಿತ್ತು. ದಮಯಂತಿ ಓದಿ ಹರಿದು ಹಾಕಿದಳು.

ಸರಿ, ನೇರವಾಗಿ ಹೇಳುತ್ತೇನೆ. ನಾಗಪುರ, ೧೯೯೮. ದಮಯಂತಿಗೆ ಮೂವತ್ತೊಂದು, ಬ್ಯಾಂಕಿನಲ್ಲಿ ಕ್ಲರ್ಕ್. ಆರು ವರ್ಷದ ಹಿಂದೆ ಮೂಗಿನ ಮೇಲಿದ್ದ ಸಣ್ಣ ದಿಣ್ಣೆಯನ್ನು ಆಪರೇಷನ್ ಮಾಡಿಸಿ ತೆಗೆಸಿದಳು. ದಿಣ್ಣೆ ಹೋಯಿತು, ಮೂಗು ಎಡಕ್ಕೆ ವಾಲಿತು. (ಡಾಕ್ಟರ ಹೆಸರು ಕೇಳಬೇಡಿ. ನಾನು ಕಥೆಗಾರ, ವಕೀಲನಲ್ಲ.) ಈಗ ಎಡ ಹೊಳ್ಳೆಯಲ್ಲಿ ಉಸಿರೇ ಆಡುವುದಿಲ್ಲ.

೨
ಕಿವಿಯಿಂದ ಚೂರು ಮೃದು ಎಲುಬು ತೆಗೆದು ಮೂಗಿಗೆ ಆಸರೆ ಕೊಡೋಣ ಎಂದರು ರಾಮದಾಸಪೇಠದ ಹೊಸ ಸರ್ಜನ್. "ಲೇಕಿನ್ ಪೆಹಲೇ ವಾಲಾ ಫೋಟೊ ಲಾಯಿಯೇ. ಓರಿಜಿನಲ್ ನಾಕ್ ದೇಖೇ ಬಿನಾ ಹಾಥ್ ನಹೀ ಲಗಾವೂಂಗಾ."

ಮೊದಲಿನ ಮೂಗು ನೋಡದೆ ಕೈ ಹಚ್ಚುವುದಿಲ್ಲವಂತೆ. ಹಳೆಯ ಫೋಟೊ ಎಲ್ಲಿಂದ ತರಬೇಕು? ಆಪರೇಷನ್ ಆದ ವಾರವೇ ಹಳೆಯದನ್ನೆಲ್ಲ ಬಚ್ಚಲ ಒಲೆಗೆ ಹಾಕಿದ್ದಳು. (ಬ್ಯಾಂಕಿನ ಗುರುತಿನ ಚೀಟಿ ಹೊಸ ಮೂಗಿನದು.) ಉಳಿದದ್ದು ಒಂದೇ, ಕಾಮಠಿಯ ರಘುನಂದನನಿಗೆ ಹೆಣ್ಣು ತೋರಿಸುವಾಗ ಕಳಿಸಿದ್ದು. ಅವರ ಮನೆಯವರು ಉಪ್ಪಿಟ್ಟು ತಿಂದು, "ಊರಿಗೆ ಹೋಗಿ ಪತ್ರ ಬರೀತೀವ್ರಿ" ಎಂದು ಎದ್ದಿದ್ದರು. (ಊರು ಬಸ್ಸಿನಲ್ಲಿ ಮುಕ್ಕಾಲು ಗಂಟೆ.) ಪತ್ರ ಬರಲಿಲ್ಲ, ಫೋಟೊ ಮರಳಲಿಲ್ಲ. ಮೂಗೇ ಕಾರಣವೆಂದು ಮನೆಮಂದಿಯೆಲ್ಲ ತೀರ್ಮಾನಿಸಿದರು. ದಿಣ್ಣೆ ತೆಗೆಸಿದ್ದು ಅದಕ್ಕೇ.

೩
"ನಾ ಅಲ್ಲಿಗೆ ಹೋಗಂಗಿಲ್ಲ," ಅಂದಳು ದಮಯಂತಿ, ನನಗೆ.

"ಹೋಗದಿದ್ದರೆ ಕಥೆ ನಿಲ್ಲುತ್ತದೆ."

"ನಿಲ್ಲಲಿ. ನಿಮ್ಮ ಕಥಿಗೆ ನಾ ಯಾಕ ಮರ್ಯಾದಿ ಕಳಕೋಬೇಕು?"

"ಉಸಿರು?"

ಬಸ್ ಹತ್ತಿದಳು. (ನಾನು ಗೆದ್ದ ವಾದ ಇದೊಂದೇ.)

೩ (ಮತ್ತೆ)
ರಘುನಂದನ ಈಗ ವಿಧುರ, ಫೋಟೊವನ್ನು ಪರ್ಸಿನಲ್ಲೇ ಇಟ್ಟುಕೊಂಡಿದ್ದಾನೆ...

"ಥೂ, ಸಿನಿಮಾ ಬರೀಬ್ಯಾಡ್ರಿ!"

ಆ ಸಾಲು ಹೊಡೆದು ಹಾಕಿದೆ. ಆದದ್ದಿಷ್ಟು: ಬಾಗಿಲು ತೆರೆದ ರಘುನಂದನನಿಗೆ ಗುರುತೇ ಸಿಗಲಿಲ್ಲ. ಅವನ ಹೆಂಡತಿ ವಿಜಯಾ ವಿಷಯ ಕೇಳಿ, ಬಿಸ್ಕೀಟ್ ಡಬ್ಬಿಯೊಂದನ್ನು ತಂದು ಸುರಿದಳು. ಅವನು ನೋಡಿ ಕೈಬಿಟ್ಟ ಹುಡುಗಿಯರೆಲ್ಲ ಅದರಲ್ಲಿದ್ದರು. "ಬರೋಬರ್ ನೋಡಿ ತಗೊಳ್ರಿ," ಅಂದಳು ವಿಜಯಾ. ಹತ್ತೊಂಬತ್ತನೆಯವಳು ದಮಯಂತಿ. ಫೋಟೊದ ಬೆನ್ನಿಗೆ ಅವನ ತಾಯಿಯ ಅಕ್ಷರ: 'ಹುಡುಗಿ ಪಸಂದ. ಜಾತಕ ಕೂಡಲಿಲ್ಲ.'

"ಮೂಗಿನ ಸಲುವಾಗಿ ಬ್ಯಾಡ ಅಂದಿದ್ದಲ್ಲೇನ್ರಿ?" ಎಂದು ಕೇಳಿದಳು ದಮಯಂತಿ.

"ಮೂಗಿಗೇನಾಗಿತ್ರಿ?" ಎಂದ ರಘುನಂದನ. "ಚಲೋನ ಇತ್ತಲ್ಲ."

೪
ಮುಕ್ತಾಯ ಅ: ಮೂಗು ನೆಟ್ಟಗಾಯಿತು. ಮುಕ್ತಾಯ ಆ: ಆಪರೇಷನ್ನೇ ಬೇಡವೆಂದಳು. ಮುಕ್ತಾಯ ಇ: ರಘುನಂದನನ ಮೂಗಿಗೆ ಗುದ್ದಿದಳು. (ನನ್ನ ವೋಟು ಇದಕ್ಕೆ.)

ಆದರೆ ದಮಯಂತಿ ಕಾಮಠಿಯ ಸ್ಟಾಪಿನಲ್ಲಿ ಫೋಟೊ ಹಿಡಿದು ಕೂತುಬಿಟ್ಟಿದ್ದಾಳೆ. ಎರಡು ಬಸ್ ಹೋದವು. ನಾಳೆ ಹತ್ತಕ್ಕೆ ಸರ್ಜನ್ ಕಾಯುತ್ತಾರೆ ಎಂದು ನೆನಪಿಸಿದೆ.

"ಸುಮ್ನಿರ್ರಿ ಸ್ವಲ್ಪ," ಅಂದಳು. "ಆರು ವರ್ಷ ಆತು ಈಕಿನ್ನ ನೋಡಿ. ಎಷ್ಟು ಚಂದ ಇದ್ದಳು! ಒಬ್ಬರೂ ಹೇಳಲಿಲ್ಲ. ನೀವೂ ಹೇಳಲಿಲ್ಲ."

ಮೂರನೆಯ ಬಸ್ ಬರುತ್ತಿದೆ. ಹತ್ತುತ್ತೀಯಾ ಎಂದು ನಾನು ಕೇಳುವುದಿಲ್ಲ. ನೀವೂ ಕೇಳಬೇಡಿ.