ಎರಡು ಸಹಿಯ ಸೀಲು

ಸೋಮವಾರ ಮುಂಜಾನೆ ಏಳೂಕಾಲಿಗೆ ಬೆಂಗೇರಿಯ ಡಯಾಲಿಸಿಸ್ ಕೇಂದ್ರದ ಆಯಾ ದುರಗವ್ವ ಮೇನ್ ಸ್ವಿಚ್ ಎತ್ತಿದಳು. ಫ್ಯಾನು ತಿರುಗಿದವು, ದೀಪ ಹತ್ತಿದವು, ನೀರು ಶುದ್ಧ ಮಾಡುವ ಯಂತ್ರ ಗುರ್ ಎಂದಿತು. ಮೂಲೆಯ ಕೋಣೆಯಲ್ಲಿದ್ದ ಸರ್ವರ್ ಮಾತ್ರ ಕರಿ ಪರದೆಯ ಮೇಲೆ ಒಂದು ಬಿಳಿ ಗೆರೆ ಮಿಟುಕಿಸುತ್ತ ಕುಳಿತುಬಿಟ್ಟಿತು. ಅದರೆದುರು ಕೇಂದ್ರದ ಕಂಪ್ಯೂಟರು ನೋಡಿಕೊಳ್ಳುವ ರಿಯಾಜ ನಿಂತಿದ್ದ. ಹಿಂದಿನ ದಿನ, ಭಾನುವಾರದ ರಜೆಯಲ್ಲಿ, ಅದಕ್ಕೆ ಹೊಸ ಡಿಸ್ಕು ಕೂಡಿಸಿ ಹೊಸ ಆಪರೇಟಿಂಗ್ ಸಿಸ್ಟಂ ಹಾಕಿದವನು ಅವನೇ. ಭಾನುವಾರವೂ ಅದು ಏಳಲು ಬಹಳ ಹೊತ್ತು ತೆಗೆದುಕೊಂಡಿತ್ತು. ಹೊಸದು, ಮೊದಲ ಸಲ ಹೀಗೇ ಇರುತ್ತದೆ ಎಂದುಕೊಂಡು ಅವನು ಚಹಾ ಕುಡಿದು ಮನೆಗೆ ಹೋಗಿದ್ದ.

ಬೇರೆ ಆಫೀಸಾಗಿದ್ದರೆ ಕಂಪ್ಯೂಟರು ತಡವಾದರೆ ಜನ ಇನ್ನೊಂದು ಚಹಾ ಕುಡಿಯುತ್ತಾರೆ, ಅಷ್ಟೆ. ಇಲ್ಲಿ ಹಾಗಲ್ಲ. ಡಯಾಲಿಸಿಸ್ಸಿಗೆ ಬಂದವರು ಮೊದಲು ತೂಕದ ಯಂತ್ರದ ಮೇಲೆ ನಿಲ್ಲುತ್ತಾರೆ. ಆ ತೂಕ ಸರ್ವರ್‌ನಲ್ಲಿ ಸೇರಿದ ಮೇಲೆ ಧಾರವಾಡದ ಡಾಕ್ಟರು ಅದನ್ನು ಅಲ್ಲಿಂದಲೇ ನೋಡಿ, ಯಾರ ಮೈಯಿಂದ ಎಷ್ಟು ನೀರು ತೆಗೆಯಬೇಕೆಂದು ಬರೆಯುತ್ತಾರೆ. ಸೂಜಿ ಚುಚ್ಚುವುದು ಆಮೇಲೆ. ಹಿಂದೊಮ್ಮೆ ಫೋನಿನಲ್ಲಿ ಹೇಳಿದ ಅಂಕಿಯನ್ನು ಯಾರೋ ಅವಸರದಲ್ಲಿ ತಪ್ಪಾಗಿ ಬರೆದುಕೊಂಡು ಅನಾಹುತವಾಗುವುದರಲ್ಲಿತ್ತು. ಅಂದಿನಿಂದ ಪರದೆಯ ಮೇಲೆ ಕಾಣದ ಅಂಕಿಯನ್ನು ಟೆಕ್ನಿಶಿಯನ್ ಜಯಾ ನಂಬುವುದಿಲ್ಲ. ಅವಳದು ತಪ್ಪೆಂದು ಯಾರೂ ಅನ್ನುವ ಹಾಗಿಲ್ಲ.

ಐದು ಕುರ್ಚಿಗಳಲ್ಲಿ ಐದು ಜನ ಕಾಯುತ್ತಿದ್ದರು. ಬಾಗಿಲ ಪಕ್ಕದ ಕುರ್ಚಿ ಹೆಬ್ಬಳ್ಳಿಯ ಬೀರಪ್ಪನದು. ಎರಡೂ ಕಿಡ್ನಿ ಕೈಕೊಟ್ಟು ನಾಲ್ಕು ವರ್ಷವಾಗಿತ್ತು. ಸೋಮವಾರ, ಬುಧವಾರ, ಶುಕ್ರವಾರ ಮುಂಜಾನೆಯ ಬಸ್ಸಿಗೆ ಬಂದು, ಏಳೂವರೆಯಿಂದ ಹನ್ನೊಂದೂವರೆಯವರೆಗೆ ಮಲಗಿ, ಹನ್ನೆರಡರ ಬಸ್ಸಿಗೆ ಊರು ಸೇರುತ್ತಿದ್ದ. ಅದು ತಪ್ಪಿದರೆ ಮುಂದಿನದು ಮೂರಕ್ಕೆ. ರಕ್ತ ತೊಳೆಸಿಕೊಂಡ ಮೈ ಅರಿವೆ ಹಿಂಡಿದ ಹಾಗಿರುತ್ತದೆ. ಹಿಂದೊಮ್ಮೆ ಬಸ್ ತಪ್ಪಿ ನಿಲ್ದಾಣದಲ್ಲಿ ಕಾಯುತ್ತ ಎಚ್ಚರ ತಪ್ಪಿ ಬಿದ್ದಿದ್ದ. ಅದಕ್ಕೇ ಏನೇ ಆಗಲಿ ಹನ್ನೊಂದೂವರೆಗೆ ಏಳುವುದು ಅವನ ಹಟ.

"ಏನ್ ಸಾಬ್ರ, ಇನ್ನಾ ಎದ್ದಿಲ್ಲೇನ್ ನಿಮ್ಮ ಡಬ್ಬಿ?" ಎಂದು ಬೀರಪ್ಪ ಕುಳಿತಲ್ಲಿಂದಲೇ ಕೇಳಿದ.

"ಐದ ನಿಮಿಷ ಕಾಕಾ. ಹೊಸಾದು ನೋಡ್ರಿ, ಮೊದಲ ಮೊದಲ ಹಿಂಗಽ" ಎಂದ ರಿಯಾಜ.

ಐದು ನಿಮಿಷ ಹತ್ತಾಯಿತು, ಹತ್ತು ಇಪ್ಪತ್ತಾಯಿತು. ಸರ್ವರ್ ಕಣ್ಣು ಬಿಟ್ಟಾಗ ಎಂಟೂ ಹತ್ತು. ಹನ್ನೊಂದೂವರೆಗೆ ಬೀರಪ್ಪ ತೋಳು ಮುಂದೆ ಮಾಡಿದ.

"ಕಾಕಾ, ಇನ್ನ ಮುಕ್ಕಾಲ ತಾಸ ಐತ್ರಿ. ಮುಗಿಸಿ ಹೋಗ್ರಿ" ಎಂದಳು ಜಯಾ.

"ಬಸ್ ಹೊಕ್ಕೈತಿ ಯವ್ವಾ. ಬಿಚ್ಚ. ಒಂದ ದಿನಕ್ಕ ಏನಾಗೂದಿಲ್ಲ."

ಜಯಾ ಬಿಚ್ಚಿದಳು. ಆದರೆ ರಿಯಾಜನ ಕಡೆ ಒಂದು ಸಲ ನೋಡಿದಳು. ಆ ನೋಟಕ್ಕೆ ಅವನ ಮುಖ ಸಪ್ಪಗಾಯಿತು.

ಸಂಜೆ ಅವನು ದುರಗವ್ವನ ಹತ್ತಿರ ಹೋಗಿ, ರಾತ್ರಿ ಸರ್ವರ್ ಒಂದನ್ನಾದರೂ ಬಂದ್ ಮಾಡದೆ ಬಿಡಲು ಕೇಳಿಕೊಂಡ. ಬೆಳಗ್ಗೆ ಏಳಿಸುವ ಗೋಜೇ ಇರದಿದ್ದರೆ ಎಲ್ಲ ಸುಸೂತ್ರ.

"ಅದೊಂದಽ ಚಾಲೂ ಇಡಾಕ ಬರೂದಿಲ್ರಿ. ಮೇನ್ ಇರೂದು ಒಂದಽ" ಎಂದಳು ದುರಗವ್ವ. ಹಿಂದಿನ ವರ್ಷ ಬಾಜೂಕಿನ ಅಂಗಡಿಯಲ್ಲಿ ವೈರು ಸುಟ್ಟು ಬೆಂಕಿ ಬಿದ್ದ ಮೇಲೆ ಹುಟ್ಟಿದ ನಿಯಮ ಅದು. "ಸಂಜಿಮುಂದ ಕೆಳಗ ಹಾಕಿ ಕೀಲಿ ಒಯ್ಯಬೇಕಂತ ಮ್ಯಾನೇಜರ್ ಸಾಹೇಬ್ರು ಬರದ ಕೊಟ್ಟಾರ. ಅವರಽ ಬಂದ ಹೇಳ್ಲಿ. ಮುಂಜಾನೆ ಇದಕ್ಕಿಂತ ಲಗೂ ಬಂದ ತೆಗಿಯಾಕೂ ನನಗ ಬಸ್ ಇಲ್ಲ."

ಮ್ಯಾನೇಜರ್ ಶಶಿಕಾಂತ ಹೆಂಡತಿಯ ತಮ್ಮನ ಮದುವೆಗೆಂದು ಕಲಬುರಗಿಗೆ ಹೋಗಿದ್ದರು. ಬರುವುದು ಶನಿವಾರ.

ಮಂಗಳವಾರವೆಲ್ಲ ರಿಯಾಜ ಸರ್ವರ್‌ನ ಬೆನ್ನು ಬಿದ್ದ. ನೆಟ್‌ವರ್ಕ್ ಸಿಗುವತನಕ ಕಾಯುತ್ತದೆಯೇನೋ ಎಂದು ಆ ಕಾಯುವಿಕೆಯನ್ನು ತೆಗೆದ. ಬೇಡದ ಪ್ರೋಗ್ರಾಮುಗಳನ್ನೆಲ್ಲ ಕಿತ್ತು ಹಾಕಿದ. ಹೊಸ ಸಿಸ್ಟಂ ಮೇಲೆ ಅನುಮಾನ, ಹೊಸ ಡಿಸ್ಕಿನ ಮೇಲೆ ಅನುಮಾನ, ಕೊನೆಗೆ ವೈರಿನ ಮೇಲೂ ಅನುಮಾನ. ಮನುಷ್ಯನಿಗೆ ತನ್ನ ಮೇಲೆ ಅನುಮಾನ ಬರುವುದು ಎಲ್ಲಕ್ಕಿಂತ ಕಡೆಗೆ. ದಿನವಿಡೀ ತಿಣುಕಿ ಗಳಿಸಿದ್ದು ಎರಡು ನಿಮಿಷ. ಬುಧವಾರ ಮುಂಜಾನೆ ಮತ್ತೆ ಅದೇ ಕರಿ ಪರದೆ, ಮತ್ತೆ ಬೀರಪ್ಪನ ಪ್ರಶ್ನೆ, ಮತ್ತೆ "ಐದ ನಿಮಿಷ ಕಾಕಾ". ಬೀರಪ್ಪ ಮತ್ತೆ ಮುಕ್ಕಾಲು ತಾಸು ಬಿಟ್ಟು ಎದ್ದುಹೋದ.

ಬುಧವಾರ ಮಧ್ಯಾಹ್ನ ರಿಯಾಜ ಹಟ ಹಿಡಿದು ಕುಳಿತು, ಸರ್ವರ್ ಏಳುವಾಗ ತನ್ನಷ್ಟಕ್ಕೆ ಬರೆದಿಟ್ಟುಕೊಳ್ಳುವ ವರದಿಯನ್ನು ಮೊದಲ ಸಾಲಿನಿಂದ ಓದಿದ. ಹೊಸ ಡಿಸ್ಕು ಎರಡು ಸೆಕೆಂಡಿನಲ್ಲಿ ಓಗೊಟ್ಟಿತ್ತು. ಆಮೇಲೆ ಸರ್ವರ್ ಇನ್ನೊಂದು ಡಿಸ್ಕನ್ನು ಕರೆದಿತ್ತು. ಉತ್ತರವಿಲ್ಲ. ಅರ್ಧ ನಿಮಿಷ ಕಾದು ಮತ್ತೆ ಕರೆದಿತ್ತು. ಹೀಗೆ ಸಾಲಿನ ಮೇಲೆ ಸಾಲು, ಪುಟದ ಮೇಲೆ ಪುಟ. ಆ ಡಿಸ್ಕಿನ ನಂಬರು ಓದುತ್ತಲೇ ಅವನಿಗೆ ಗುರುತು ಹತ್ತಿತು. ಅದು ಸಾಯುತ್ತಿದ್ದ ಹಳೇ ಡಿಸ್ಕು. ಭಾನುವಾರ ಅದರೊಳಗಿನದನ್ನೆಲ್ಲ ಹೊಸದಕ್ಕೆ ಇಳಿಸಿಕೊಂಡ ಮೇಲೆ ಅದನ್ನು ವೈರು ಸಮೇತ ಅಲ್ಲೇ ಬಿಟ್ಟವನು ತಾನೇ.

ವೈರು ಕಿತ್ತರೆ ಮುಗಿಯಿತು, ಅರೆಗಳಿಗೆಯ ಕೆಲಸ. ಆದರೆ ಡಿಸ್ಕು, ಅದರ ವೈರು, ಡಬ್ಬಿಯ ಗೋಡೆ, ಮೂರನ್ನೂ ಕೂಡಿಸಿ ಒಂದು ಕಾಗದದ ಪಟ್ಟಿ ಅಂಟಿಸಲಾಗಿತ್ತು. ಅದರ ಮೇಲೆ ಎರಡು ಸಹಿ, ಒಂದು ರಿಯಾಜನದು, ಇನ್ನೊಂದು ಶಶಿಕಾಂತರದು. ಅದನ್ನು ಹರಿಯದೆ ವೈರು ಬಿಚ್ಚುವಂತಿರಲಿಲ್ಲ.

ಈ ಸೀಲಿನ ಬೇರು ಅಮರಗೋಳದಲ್ಲಿದೆ. ರಿಯಾಜನ ಅಪ್ಪ ಖಾದರಬಾಷಾ ಅಲ್ಲಿನ ಮಾರ್ಕೆಟ್ ಯಾರ್ಡಿನ ಹೊರಗೆ ಲಾರಿಗಳ ವೈರಿಂಗ್ ಮಾಡುತ್ತಿದ್ದವರು. ಒಮ್ಮೆ ಒಬ್ಬ ಲಾರಿಯವನು, ನನ್ನ ಹೊಸ ಡೈನಮೋ ಬಿಚ್ಚಿಕೊಂಡು ಹಳೇದು ಹಾಕಿದ್ದಾನೆ ಎಂದು ಕೂಗಾಡಿ ಮಂದಿ ಕೂಡಿಸಿದ. ಖಾದರಬಾಷಾರ ಸಾಮಾನಿನ ಪೆಟ್ಟಿಗೆಯನ್ನು ನೆಲಕ್ಕೆ ಸುರುವಿ ಹುಡುಕಿದರು. ಏನೂ ಸಿಗಲಿಲ್ಲ. ಸುರುವಿದವರು ಹೋದರು, ಪಾನಾ ಇಕ್ಕಳ ಆಯ್ದು ತುಂಬಿದವರು ಖಾದರಬಾಷಾ ಒಬ್ಬರೇ. ಅಂದಿನಿಂದ ಬಿಚ್ಚಿದ ಹಳೇ ಸಾಮಾನನ್ನು ಗಿರಾಕಿಯ ಕಣ್ಣೆದುರಿಗೆ ಇಡದೆ ಅವರು ಗಾಡಿ ಬಿಟ್ಟುಕೊಟ್ಟದ್ದಿಲ್ಲ. ಮಗನಿಗೆ ಕಲಿಸಿದ ಮೊದಲ ಪಾಠವೂ ಅದೇ. ಕೇಂದ್ರದ ಡಿಸ್ಕಿನಲ್ಲಿ ನೂರಾರು ರೋಗಿಗಳ ವಿಷಯವಿದೆ. ಹಿಂದಿನ ಕಂಪ್ಯೂಟರಿನವನು ಒಂದು ಡಿಸ್ಕು ಒಯ್ದು ತಿರುಗಿ ಕೊಡಲಿಲ್ಲವೆಂದು ಶಶಿಕಾಂತರು ಮಾತಿನ ನಡುವೆ ಅಂದಿದ್ದರು. ಅಷ್ಟು ಸಾಕಾಯಿತು. "ಸರ್, ಹಳೇ ಡಿಸ್ಕ್ ಇಲ್ಲೇ ಇರ್ತೈತ್ರಿ, ಸೀಲ್ ಮಾಡಿ. ನೀವೂ ಸಹಿ ಹಾಕ್ರಿ" ಎಂದು ರಿಯಾಜ ತಾನಾಗಿಯೇ ಅಂಟು ಹಚ್ಚಿ ಪಟ್ಟಿ ಮೆತ್ತಿದ್ದ. ಶಶಿಕಾಂತರು ಸಹಿ ಹಾಕಿ, ಆ ಸಂಜೆಯೇ ಕಲಬುರಗಿಯ ಗಾಡಿ ಹತ್ತಿದ್ದರು.

ಬುಧವಾರ ಸಂಜೆ ಮನೆಯಲ್ಲಿ ಅಪ್ಪನಿಗೆ ಎಲ್ಲ ಹೇಳಿದ. ಖಾದರಬಾಷಾ ಮನೆಮಾತಾದ ಉರ್ದುವಿನಲ್ಲಿ ಒಂದೇ ಮಾತು ಹೇಳಿದರು: ಇಬ್ಬರು ಕೂಡಿ ಹಾಕಿದ ಸೀಲನ್ನು ಒಬ್ಬನೇ ಒಡೆದರೆ, ಒಡೆದವನನ್ನು ಜನ ಏನನ್ನುತ್ತಾರೆಂದು ನನ್ನನ್ನು ಕೇಳಬೇಡ. ರಿಯಾಜ ಕೇಳಲಿಲ್ಲ. ಶಶಿಕಾಂತರಿಗೆ ಫೋನು ಹಚ್ಚಿದ. ಒಂದು ಸಲ ರಿಂಗಾಗುತ್ತಲೇ ತಾನೇ ಕತ್ತರಿಸಿದ. ಏನೆಂದು ಹೇಳುವುದು? ನನ್ನದೇ ತಪ್ಪಿನಿಂದ ಮೂರು ದಿನ ರೋಗಿಗಳು ಕಾದರು, ಈಗ ಸೀಲು ಒಡೆಯಲು ಬಿಡಿ ಎಂದೇ? ಡಿಸ್ಕಿನ ಮೇಲೆ ಕಣ್ಣಿಟ್ಟು ಕತೆ ಕಟ್ಟುತ್ತಿದ್ದಾನೆ ಎಂದುಕೊಂಡರೆ? ಶನಿವಾರ ಅವರು ಬಂದೇ ಬರುತ್ತಾರೆ, ಅವರೆದುರಿಗೇ ಒಡೆದರಾಯಿತು, ನಡುವೆ ಇರುವುದು ಎರಡೇ ದಿನ. ಹೀಗೆ ತನಗೆ ತಾನೇ ಸಮಾಧಾನ ಹೇಳಿಕೊಂಡ. ಆ ಎರಡು ದಿನದಲ್ಲಿ ಒಂದು ಶುಕ್ರವಾರ ಎಂಬುದು ಅವನಿಗೆ ಹೊಳೆಯದೆ ಇರಲಿಲ್ಲ. ಅದನ್ನು ಹಿಂದೆ ನೂಕಿದ.

ಶುಕ್ರವಾರ ಬೀರಪ್ಪ ಬಂದಾಗ ಪಾದಗಳು ಬಾತು ಚಪ್ಪಲಿಯ ಪಟ್ಟಿ ಬಿಗಿದಿತ್ತು. ಎರಡು ಮೆಟ್ಟಿಲು ಹತ್ತುವಷ್ಟರಲ್ಲಿ ಏದುಸಿರು. ತೂಕ ನೋಡಿ ಜಯಾ ಹುಬ್ಬು ಗಂಟಿಕ್ಕಿದಳು. ಎರಡು ಸಲ ಅರೆಬರೆ ಎದ್ದುಹೋದದ್ದರಿಂದ ತೆಗೆಯಬೇಕಾದ ನೀರು ಮೈಯಲ್ಲೇ ಉಳಿದಿತ್ತು.

"ಇವತ್ತರ ಲಗೂ ಆಕ್ಕೈತನು ಸಾಬ್ರ?"

ರಿಯಾಜನಿಗೆ ಗೊತ್ತಿತ್ತು. ಎಂಟು ಗಂಟೆಯ ಒಳಗೆ ಇದು ಏಳುವುದಿಲ್ಲ, ನಾನು ಈಗಲೇ ಸೀಲು ಹರಿಯದ ಹೊರತು. ಕೋಣೆಯೊಳಗೆ ಹೋದ. ಡಬ್ಬಿಯ ಮುಚ್ಚಳ ತೆಗೆದ. ಕಾಗದದ ತುದಿಗೆ ಉಗುರು ತಾಗಿಸಿದ. ಅಲ್ಲಿಯೇ ನಿಂತ. ಅಪ್ಪನ ಪೆಟ್ಟಿಗೆ ನೆಲಕ್ಕೆ ಸುರಿದ ಸದ್ದು ತಾನು ಕೇಳಿರಲಿಲ್ಲ, ಅವನಾಗ ತೊಟ್ಟಿಲಲ್ಲಿದ್ದ. ಆದರೂ ಕೇಳಿದಂತಾಯಿತು. ಮುಚ್ಚಳ ಹಾಕಿ ಹೊರಗೆ ಬಂದ.

"ಐದ ನಿಮಿಷ ಕಾಕಾ" ಎಂದ. ಈ ಸಲ ಬೀರಪ್ಪನ ಮುಖ ನೋಡಿ ಹೇಳಲಾಗಲಿಲ್ಲ.

ಎಂಟೂ ಐದಕ್ಕೆ ಸರ್ವರ್ ಎದ್ದಿತು. ಹನ್ನೊಂದೂವರೆಗೆ ಜಯಾ ಕೈ ಹಿಡಿದು ಬೇಡಿಕೊಂಡಳು, ಇವತ್ತು ಬಿಡುವುದೇ ಇಲ್ಲ ಎಂದು ಗದರಿದಳೂ. ಬೀರಪ್ಪ ನಕ್ಕ. "ಸೋಮವಾರ ಪೂರಾ ಮಲಗ್ತೇನ್ ತೊಗೋ ಯವ್ವಾ. ಮೂರಕ್ಕ ಹೋಗಾಕ ನನ್ನ ಕೈಲೆ ಆಗೂದಿಲ್ಲ" ಎಂದು ಚೀಲ ಹೆಗಲಿಗೇರಿಸಿ, ಗೋಡೆ ಹಿಡಿದು ನಡೆದ.

ಶನಿವಾರ ಮುಂಜಾನೆ ರಿಯಾಜ ಕೇಂದ್ರಕ್ಕೆ ಬಂದಾಗ ಜಯಾ ಬಾಗಿಲಲ್ಲೇ ಫೋನು ಹಿಡಿದು ನಿಂತಿದ್ದಳು. "ಬೀರಪ್ಪ ಕಾಕಾಗ ಉಸಿರ ಹತ್ತಿತಂತ. ಬೆಳಗಾಗೂದ್ರಾಗ ಗಾಡಿ ಮಾಡಿ ದೊಡ್ಡ ದವಾಖಾನಿಗೆ ತಂದಾರಂತ. ಪುಪ್ಪುಸದಾಗ ನೀರ ತುಂಬೈತಿ. ಅವರ ಮನಿಯಾಕಿ ಚನ್ನಬಸವ್ವ ಫೋನ್ ಮಾಡಿದ್ರು."

ರಿಯಾಜ ಸೀದಾ ಕೋಣೆಗೆ ಹೋಗಿ, ಮುಚ್ಚಳ ಕಿತ್ತು, ಎರಡು ಸಹಿಯ ನಡುವೆಯೇ ಕಾಗದ ಹರಿದು, ವೈರು ಎಳೆದು, ಗುಂಡಿ ಒತ್ತಿದ. ಸರ್ವರ್ ಎರಡು ನಿಮಿಷ ತುಂಬುವುದರೊಳಗೆ ಎದ್ದು ಕುಳಿತಿತು.

ಹತ್ತಕ್ಕೆ ಶಶಿಕಾಂತರು ಬಂದರು. ರಿಯಾಜ ಹರಿದ ಕಾಗದ ಮುಂದಿಟ್ಟು, ಸೀಲು ತಾನೇ ಒಡೆದದ್ದನ್ನು, ಬುಧವಾರವೇ ಕಾರಣ ತಿಳಿದದ್ದನ್ನು ಹೇಳಿದ. ಅವರು ಕಾಗದ ತಿರುಗಿಸಿ ಮುರುಗಿಸಿ ನೋಡಿದರು.

"ಇದೇನ್ರಿ ಇದು? ಹಾಂ, ಅವತ್ತ ನೀವು ಸಹಿ ಮಾಡಸ್ಕೊಂಡ್ರಲಾ. ಇದಕ್ಕ ನನ್ನ ದಾರಿ ಕಾಯೂದೇನಿತ್ತು? ಒಂದ ಫೋನ್ ಹಚ್ಚಿದ್ರ ಹರದ ಒಗೀರಿ ಅಂತಿದ್ದೆ."

ಎರಡು ದಿನ ತಾನು ಹೊತ್ತುಕೊಂಡು ತಿರುಗಿದ ಭಾರ ಇವರಿಗೆ ನೆನಪಿನಲ್ಲೂ ಇರಲಿಲ್ಲ. ರಿಯಾಜನಿಗೆ ಬೈಗುಳ ತಿಂದಿದ್ದರೂ ಇಷ್ಟು ನೋವಾಗುತ್ತಿರಲಿಲ್ಲ.

ಮಧ್ಯಾಹ್ನ ದವಾಖಾನೆಗೆ ಹೋದ. ಬೀರಪ್ಪನಿಗೆ ತುರ್ತಾಗಿ ಡಯಾಲಿಸಿಸ್ ಮಾಡಿ, ಜೀವಕ್ಕೆ ಅಪಾಯವಿಲ್ಲವೆಂದು ಹೇಳಿದ್ದರು. ಮೂಗಿಗೆ ಆಮ್ಲಜನಕದ ನಳಿಕೆ, ಒಂದೇ ದಿನಕ್ಕೆ ಹತ್ತು ವರ್ಷ ವಯಸ್ಸಾದ ಮುಖ. ಚನ್ನಬಸವ್ವ ಎದ್ದು ತನ್ನ ಸ್ಟೂಲು ಅವನ ಕಡೆ ಸರಿಸಿದಳು. ರಿಯಾಜ ಕೂಡಲಿಲ್ಲ.

"ಕಾಕಾ, ಯಂತ್ರ ಯಾಕ ತಡಾ ಆಗಾಕತ್ತಿತ್ತು ಅಂತ ಬುಧವಾರಽ ನನಗ ಗೊತ್ತಾಗಿತ್ತು. ಅಂಜಿ ಸುಮ್ನ ಇದ್ನಿ. ಶುಕ್ರವಾರ ನಿಮಗ ಸುಳ್ಳ ಹೇಳಿದ್ನಿ."

ಬೀರಪ್ಪ ಒಂದೊಂದೇ ಮಾತಿಗೆ ಉಸಿರು ತೆಗೆದುಕೊಳ್ಳುತ್ತ ಹೇಳಿದ:

"ನಮ್ಮ ತಂಗಿ ಮನಿ ಬೆಂಗೇರ್ಯಾಗಽ ಐತ್ರಿ ಸಾಬ್ರ. ನಿಮ್ಮ ಹಿಂದಿನ ಓಣ್ಯಾಗ. ವಾರಾ ಪೂರಾ ತಡಾ ಆಕ್ಕೈತಿ ಅಂತ ಒಂದ ಮಾತ ಹೇಳಿದ್ರ ಅಲ್ಲೇ ಬಂದ ಇರ್ತಿದ್ನಿ. ಬಸ್ಸಿನ ಗೊಡವೀನಽ ಇರ್ತಿರಲಿಲ್ಲ. ಈಗ ಆಕ್ಕೈತಿ, ನಾಳೆ ಸರಿ ಆಕ್ಕೈತಿ ಅನಕೋತ ನಾನೂ ಹ್ವಾದ್ನಿ."

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ರಿಯಾಜನ ಎದೆ ಹಗುರಾಗುತ್ತಿತ್ತು. ಸೀಲು ಒಡೆಯುವುದು, ಬಿಡುವುದು, ಆ ಯಾವುದೂ ಬೇಕಿರಲಿಲ್ಲ. ತಿಳಿದದ್ದನ್ನು ಈ ಮನುಷ್ಯನಿಗೆ ತಿಳಿಸಿದ್ದರೆ ಸಾಕಿತ್ತು.

ಚನ್ನಬಸವ್ವ ಸೆರಗಿನಿಂದ ಗಂಡನ ಬಾಯಿ ಒರೆಸಿ ಅವನತ್ತ ತಿರುಗಿದಳು. "ಸೋಮವಾರ ಎಷ್ಟಕ್ಕ ಕರಕೊಂಡ ಬರ್ಲಿ ಸಾಬ್ರ? ನೀವು ಹೇಳಿದ ಟೈಮಿಗೆ ಬರ್ತೇವಿ."

ಏಳೂವರೆಗೆ ಬನ್ನಿ ಎಂದರೆ ಮುಗಿಯುತ್ತಿತ್ತು; ಈಗ ಅದು ಸುಳ್ಳೂ ಆಗಿರಲಿಲ್ಲ. ಆದರೆ ಅವಳು ಮತ್ತೆ ಅವನ ಮಾತನ್ನೇ ನಂಬಿ, ಅವನ ಬಾಯಿಯನ್ನೇ ನೋಡುತ್ತ ನಿಂತಿದ್ದಳು. ರಿಯಾಜನಿಗೆ ಅದನ್ನು ತಾಳಿಕೊಳ್ಳಲಾಗಲಿಲ್ಲ. "ನನ್ನ ಮಾತ ಬ್ಯಾಡ್ರಿ. ಹೊರಡೂಮುಂದ ಜಯಾಗ ಫೋನ್ ಹಚ್ಚಿ ಕೇಳ್ರಿ" ಎಂದ.